ಪೋಲೆಂಡ್ ಅಂಕಲ್‌ನ ಮಂಡಿ

ನೋವಿನ ಮುಲಾಮಿನ ವಾಸನೆ ಬಂದರೆ ಈಗಲೂ ನನಗೆ ನಾವಿದ್ದ ಸೌತ್ ಸಿ ಬಡಾವಣೆಯ ಆ ಶನಿವಾರದ ಮಧ್ಯಾಹ್ನ ನೆನಪಾಗುತ್ತದೆ. ಪೋಲೆಂಡಿನಿಂದ ಬಂದವರೆಂದು ನಾವು ಪೋಲೆಂಡ್ ಅಂಕಲ್ ಎನ್ನುತ್ತಿದ್ದ ಪಕ್ಕದ ಮನೆಯವರು ಫುಟ್‌ಬಾಲ್ ಆಟಗಾರರಾಗಿದ್ದರು. ಮಂಡಿ ಕೆಟ್ಟ ಮೇಲೆ ತಮ್ಮ ಕ್ಲಬ್ಬಿಗೇ ಕ್ರೀಡಾ ನಿರ್ದೇಶಕರಾದರು. ತಂಡದಲ್ಲಿ ಯಾರಿರಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವ ಕೆಲಸ ಅದು.

ಅಂದು ಅವರು ಹಳೆಯ ಗೆಳೆಯ, ಗೋಲ್‌ಕೀಪರ್ ಒಟಿಯೆನೋನನ್ನು ಜಗಲಿಯಲ್ಲಿ ಕೂರಿಸಿಕೊಂಡು, ಮುಂದಿನ ವರ್ಷ ತಂಡದಲ್ಲಿ ನೀನಿಲ್ಲ ಎಂದರು. ಬೇಲಿಯ ಈಚೆ ನಾನು ನಿಂತಿದ್ದೆ. ಒಟಿಯೆನೋ ಎಂದಿನಂತೆ ಅಂಕಲ್‌ನ ಊದಿದ ಮಂಡಿಗೆ ಮುಲಾಮು ತಿಕ್ಕತೊಡಗಿದ. ಅತ್ತದ್ದು ಅಂಕಲ್.

“ಅಪ್ಪಾ, ಔಟ್ ಮಾಡಿದ್ದು ಅಂಕಲ್ ತಾನೆ? ಮತ್ತೆ ಅವರ್ಯಾಕೆ ಅಳ್ತಿದ್ದಾರೆ?” ಎಂದು ಒಳಗೆ ಓಡಿ ಕೇಳಿದೆ.

ಆ ತಿಂಗಳಷ್ಟೇ ಫ್ಯಾಕ್ಟರಿ ಮ್ಯಾನೇಜರ್ ಆಗಿದ್ದ ಅಪ್ಪ ಅಮ್ಮನತ್ತ ನೋಡಿದರು.

“ಸೋಮವಾರ ಫ್ಯಾಕ್ಟರಿಲಿ ನಾನೂ ಇಬ್ಬರಿಗೆ ಹೇಳ್ಬೇಕು ಕಣೇ” ಎಂದರು.

ಅಪ್ಪ ಆ ಇಬ್ಬರಿಗೆ ಹೇಳಬೇಕಾದದ್ದು ಏನೆಂದು ಆಗ ನನಗೆ ತಿಳಿಯಲಿಲ್ಲ.