ಪ್ಲೂಟೊ ಅಳಿಸಿದ ಮಧ್ಯಾಹ್ನ

ವೈಟ್ನರ್ ವಾಸನೆ ಬಂದರೆ ಇಂದಿಗೂ ನನಗೆ ಬನಶಂಕರಿಯ ನಮ್ಮ ಹಳೆಯ ಮನೆಯ ಜಗಲಿ ನೆನಪಾಗುತ್ತದೆ. ಪ್ಲೂಟೊ ಇನ್ನು ಗ್ರಹವಲ್ಲ ಎಂದು ಪೇಪರಿನಲ್ಲಿ ಬಂದಿತ್ತು. ಪುಸ್ತಕದಲ್ಲಿ ಅದರ ಹೆಸರು ಅಳಿಸಿಕೊಂಡು ಬನ್ನಿ ಎಂದು ಶಾಲೆಯಲ್ಲಿ ಮೇಡಂ ಹೇಳಿದ್ದರು. ನಾನು ಅಂಟಂಟಾದ ಬಿಳಿಯನ್ನು ಬಳಿಯುತ್ತಿದ್ದಾಗ ತಾತ ಬಗ್ಗಿ ನೋಡಿದರು.

“ಒಡೆದು ಹೋಯ್ತೇನಮ್ಮಾ ಅದು?”

“ಇಲ್ಲ ತಾತ, ಅಲ್ಲೇ ಇದೆ. ಯಾವುದೋ ದೇಶದಲ್ಲಿ ವಿಜ್ಞಾನಿಗಳು ಮೀಟಿಂಗ್ ಮಾಡಿ, ಕೈ ಎತ್ತಿ, ಗ್ರಹ ಅಲ್ಲ ಅಂದ್ರಂತೆ.”

ತಾತ ಕನ್ನಡಕ ತೆಗೆದು ಎದುರಿನ ಮೂರಂತಸ್ತಿನ ಮನೆಗಳತ್ತ ನೋಡಿದರು. “ಅಲ್ಲಿದ್ದ ನಮ್ಮ ಕೆರೇನೂ ಹಿಂಗೇ. ಎಮ್ಮೆ ಮುಳುಗೋಷ್ಟು ನೀರಿತ್ತು. ಕೆರೇನೇ ಅಲ್ಲ ಅಂತ ಕಾಗದದಲ್ಲಿ ಬರ್ದ್ರು.”

ಆಮೇಲೆ ದನಿ ತಗ್ಗಿಸಿ ಕೇಳಿದರು: “ಅದ್ಸರಿ, ಪ್ಲೂಟೊ ಜಾಗ ಯಾರಿಗೆ ಬೇಕಾಗಿತ್ತಂತೆ?”