ಸಿಂದಗಿಯ ಮೋಡ

“ಹಸನಾಗಿದ್ದ ಆಕಾಶಕ್ಕ ಮೋಡ ಎಲ್ಲಿಂದ ತರೂದು?”

ಮುದ್ದೇಬಿಹಾಳದ ಕಾಲೇಜಿನ ಹಿಂದಿನ ನಲ್ಲಿಯ ಮುಂದೆ ನಿಂತು ಕಾವೇರಿ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ನಲ್ಲಿ ಬಂದ್ ಮಾಡಿ, ಕೈ ಒರೆಸಿಕೊಂಡು, ವಿಜ್ಞಾನ ಸಮ್ಮೇಳನ ನಡೆದಿದ್ದ ಸಭಾಂಗಣದ ಬಾಗಿಲಿಗೆ ಬಂದಳು. ಒಳಗೆ ಬೆಂಗಳೂರಿನಿಂದ ಬಂದ ಹಿರಿಯ ವಿಜ್ಞಾನಿಯೊಬ್ಬರು ದೂರದ ನಕ್ಷತ್ರಗಳ ಸುತ್ತ ಹೊಸದಾಗಿ ಸಿಕ್ಕ ಗ್ರಹಗಳ ಮಾತು ಮುಗಿಸುತ್ತಿದ್ದರು. ಚಹಾದ ನಂತರ ಇವರ ಸರದಿ.

ಇವರೆಂದರೆ ಮೂವರು ವಿಜ್ಞಾನ ಶಿಕ್ಷಕರು. ಹೋದ ತಿಂಗಳು ಕ್ಷುದ್ರಗ್ರಹವೊಂದು ಒಂದು ಚುಕ್ಕಿಗೆ ಅಡ್ಡ ಹಾಯುವುದಿತ್ತು. ಹಾಗೆ ಹಾಯುವಾಗ ಅದರ ನೆರಳು ಬಿದ್ದ ಊರಲ್ಲಿ ಚುಕ್ಕಿ ನಾಲ್ಕೈದು ಸೆಕೆಂಡು ಆರುತ್ತದೆ; ಎಲ್ಲೆಲ್ಲಿ ಆರಿತೆಂದು ಕೂಡಿಸಿ ನೋಡಿದರೆ ಆ ಕಲ್ಲಿನ ಅಳತೆ ಸಿಗುತ್ತದೆ. ಇಂಡಿಯಲ್ಲಿ ರೇವಪ್ಪ, ಬಸವನ ಬಾಗೇವಾಡಿಯಲ್ಲಿ ಅನೀಲಕುಮಾರ, ನಡುವೆ ಸಿಂದಗಿಯಲ್ಲಿ ಕಾವೇರಿ ದೂರದರ್ಶಕ ಹೂಡಿದ್ದರು. ಆ ಇಬ್ಬರ ದೂರದರ್ಶಕಕ್ಕೆ ಕ್ಯಾಮೆರಾ ಇತ್ತು. ಕಾವೇರಿಗಿದ್ದದ್ದು ಕಣ್ಣು ಮಾತ್ರ. ಇಂಡಿಯಲ್ಲಿ ಚುಕ್ಕಿ ಆರಿತು. ಬಾಗೇವಾಡಿಯಲ್ಲೂ ಆರಿತು. ಸಿಂದಗಿಯಲ್ಲಿ ಆರಲಿಲ್ಲ.

“ಕಣ್ಣ ಮಿಟುಕಿಸಿರಬೇಕು ಬಿಡವಾ,” ಎಂದು ಚಹಾ ಹೀರುತ್ತ ರೇವಪ್ಪ ನಕ್ಕ.

“ಐದು ಸೆಕೆಂಡ ಮುಚ್ಚಿದ್ರ ಅದಕ್ಕ ಮಿಟುಕೂದು ಅನ್ನಂಗಿಲ್ರಿ ಸರ್, ನಿದ್ದಿ ಅಂತಾರ. ನಿಮ್ಮ ಸಾಲಿ ಮೀಟಿಂಗನ್ಯಾಗ ನೀವು ಮಾಡ್ತೀರಲ್ಲ, ಅದು.”

ರೇವಪ್ಪನ ಕಪ್ಪಿನಿಂದ ಚಹಾ ತುಳುಕುವಷ್ಟು ನಗೆ ಬಂತು. ಅನೀಲಕುಮಾರ ಮಾತ್ರ ನಗಲಿಲ್ಲ. ಪ್ರಬಂಧ ಓದಬೇಕಾದವನು ಅವನೇ. “ಎರಡೂ ಬದಿ ಆರಿ ನಡುವ ಆರಿಲ್ಲ ಅಂದ್ರ ಆ ಕಲ್ಲಿಗೆ ತೂತ ಇರಬೇಕು. ಅದೇನು ಉದ್ದಿನ ವಡಿ ಏನ್ರಿ?”

“ವಡಿ ಯಾಕ ಆಗಬೇಕ್ರಿ, ಎರಡು ಭಜಿ ಇರಬಹುದಲ್ಲ? ಜೋಡಿ ಕಲ್ಲು. ಒಂದರ ನೆರಳು ಇಂಡಿ ಮ್ಯಾಲ ಹಾದೇತಿ, ಇನ್ನೊಂದರದು ಬಾಗೇವಾಡಿ ಮ್ಯಾಲ. ನಡುವಿನ ಸಂದಿಯಾಗ ನಾ ಇದ್ದೆ.”

ಅನೀಲಕುಮಾರ ಅತ್ತಿತ್ತ ನೋಡಿ ದನಿ ಇಳಿಸಿದ. “ಇರಬಹುದು ಮೇಡಂ. ಆದ್ರ ನಿಮ್ಮ ಕಡೆ ಫೋಟೋ ಇಲ್ಲ, ರೆಕಾರ್ಡ್ ಇಲ್ಲ. ಬರೇ ನಿಮ್ಮ ಮಾತು. ನಮ್ಮಂಥಾ ಮಾಸ್ತರ ಮಂದಿ ಇಂಥಾ ಕಡೆ ನಿಲ್ಲಾಕತ್ತಿದ್ದು ಇದ ಮೊದಲು. ಜೋಡಿ ಕಲ್ಲು ಅಂದು ನಗಿಪಾಟಲಾದ್ರ ಇಂಡಿದೂ ಹೋತು, ಬಾಗೇವಾಡಿದೂ ಹೋತು. ಅದಕ್ಕ ಮುಂಜಾನೆ ಹೇಳಿದಂಗ ಪರದೆ ಮ್ಯಾಲ ‘ಸಿಂದಗಿ: ಮೋಡ’ ಅಂತ ಹಾಕೇನಿ. ಯಾರರ ಕೇಳಿದ್ರ ಹೌದನ್ರಿ, ಮುಗೀತು.”

ಕಾವೇರಿ ಡೊಳ್ಳಿನ ಪದ ಕೇಳಿ ಬೆಳೆದವಳು. ಅಪ್ಪ ಹಾಡಲು ನಿಂತರೆ ಮಗಳು ಕಂಬಕ್ಕೂ ಒರಗದೆ ಕೊನೆಯ ನುಡಿಯ ತನಕ ಕೂರುತ್ತಿದ್ದಳು. ಪದದ ಕೊನೆಗೆ ಸಿದ್ಧರ ಹೆಸರು ಬರುವ ಹೊತ್ತಿಗೆ ಎಚ್ಚರ ತಪ್ಪಿದರೆ ಅಲ್ಲಿತನಕ ಕೇಳಿದ್ದೆಲ್ಲ ಹೊಳೆಗೆ ಸುರಿದಂತೆ ಎಂದು ನಂಬಿದವಳು. ದೂರದರ್ಶಕದ ಮುಂದೆಯೂ ಅದೇ ಎಚ್ಚರದಲ್ಲಿ, ಮೈಯೆಲ್ಲ ಕಣ್ಣಾಗಿ ಕೂತಿದ್ದಳು. ಚುಕ್ಕಿ ಮಿನುಗಿತ್ತು, ತೂಗಾಡಿತ್ತು. ಆರಿರಲಿಲ್ಲ. ಈಗ ಮೋಡ ಎಂದರೆ ಆ ಜೋಡಿಯಲ್ಲೊಂದು ಕಲ್ಲನ್ನು ತಾನೇ ಆಕಾಶದಿಂದ ಅಳಿಸಿದಂತೆ.

ಅನೀಲಕುಮಾರ ಚೆನ್ನಾಗಿಯೇ ಓದಿದ. ಒಂದೇ ಕಲ್ಲು, ಬಲು ದೊಡ್ಡದು ಎಂದ. ಚಪ್ಪಾಳೆ ಬಿದ್ದವು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಆ ಹಿರಿಯ ವಿಜ್ಞಾನಿ ಕೈ ಎತ್ತಿದರು.

“ಸಿಂದಗಿ ನಿಮ್ಮ ಎರಡು ಊರುಗಳ ನಡುವೆ ಇದೆಯಲ್ಲವೇ? ಅಲ್ಲಿ ಕಂಡದ್ದೇ ನನಗೆ ಮುಖ್ಯ. ಅಲ್ಲಿ ನೋಡಿದವರು ಯಾರು?”

ಸಭಾಂಗಣ ಹೊರಳಿ ನೋಡಿತು. ಕಾವೇರಿ ಎದ್ದು ನಿಂತಳು. ಮೈಕನ್ನು ಅನೀಲಕುಮಾರನೇ ಓಡಿಬಂದು ತಂದುಕೊಟ್ಟ. ಅದರ ಹಿಡಿಕೆ ಅವನ ಬೆವರಿಗೆ ಒದ್ದೆಯಾಗಿತ್ತು. ಕೊಡುವಾಗ ಕಿವಿಯ ಹತ್ತಿರ ಬಾಗಿ, “ಮೋಡ ಇತ್ತು ಅಂತ ಅಂದು ಕುಂಡ್ರಿ ಮೇಡಂ, ಕೈ ಮುಗೀತೇನಿ,” ಎಂದ.

ಅವಳು ಮೈಕನ್ನು ಬಾಯಿಗೆ ಹಿಡಿದೇ ಅವನಿಗೆ ಉತ್ತರ ಕೊಟ್ಟಳು. ಕೊನೆಯ ಸಾಲಿನವರಿಗೂ ಕೇಳಿಸಿತು.

“ಅನ್ನೂದೂ ಇಲ್ರಿ ಸರ್, ಕುಂಡ್ರೂದೂ ಇಲ್ಲ.”