ಯಾರ ಹೊಲಸೋ ಅವರ ರೊಕ್ಕ

"ಈ ಕಡೆ ಸರದು ನಿಂದರಬೇ ಯಲ್ಲಕ್ಕ, ಮಾರಿ ಕಾಣಬೇಕು," ಎಂದ ಬಾಳೇಶ, ಮೊಬೈಲು ಎತ್ತಿ ಹಿಡಿದು.

ಯಲ್ಲಕ್ಕ ಸರಿದು ನಿಂತಳು. ಅವಳ ಕಾಲ ಬುಡದಲ್ಲೇ ಅಂಗಳದ ಚೇಂಬರು ತುಂಬಿ ಉಕ್ಕಿತ್ತು. ಕಪ್ಪು ನೀರು ಬಾಳೇಶನ ಹೊಸ ಕಾರಿನ ಗಾಲಿಯವರೆಗೆ ಹರಿದಿತ್ತು. ಅವಳು ಬಾಡಿಗೆಗಿದ್ದ ಕೆಳಗಿನ ಮನೆಯ ಬಚ್ಚಲಲ್ಲಿ ನೀರು ನಿಲ್ಲತೊಡಗಿದ್ದು ದಸರೆಯ ಮುಂಚೆ. ಈಗ ದೀಪಾವಳಿ ಬಂದಿತ್ತು. ಅಲ್ಲಿಯವರೆಗೆ ಮಾಲೀಕನ ಕಿವಿಗೆ ಬೀಳದ ಮಾತು ಕಾರಿನ ಗಾಲಿ ತೊಯ್ದ ಕೂಡಲೇ ಬಿದ್ದಿತ್ತು.

ಜಮಖಂಡಿಯ ಆ ಓಣಿಯಲ್ಲಿ ಬಾಳೇಶ ಸಣ್ಣ ಆಸಾಮಿಯಲ್ಲ. ಹಗಲು ಕಾಲೇಜಿನಲ್ಲಿ ಪಾಠ, ಸಂಜೆ ಊರೂರಲ್ಲಿ ಭಾಷಣ. ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ ನಿಂತು, ರೈತರು ಬೆವರು ಸುರಿಸಿ ನಿಲ್ಲಿಸಿದ ನೀರಿಗೆ ಹೊಲಸು ಚೆಲ್ಲುವವರು ಮನುಷ್ಯರೇ ಅಲ್ಲ ಎಂದು ಗುಡುಗಿದ್ದ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಎಣಿಸುವ ಜನ ಎಂದು ಬೈದು ಚಪ್ಪಾಳೆ ಗಿಟ್ಟಿಸಿದ್ದ. ಗಿಡ ನೆಟ್ಟಿದ್ದು, ಹಬ್ಬದ ಗಣಪತಿಯನ್ನು ಹೊಳೆಗೆ ಒಯ್ಯದೆ ಮನೆಯ ಬಕೀಟಿನಲ್ಲೇ ಮುಳುಗಿಸಿದ್ದು, ಬಟ್ಟೆಯ ಚೀಲ ಹಂಚಿದ್ದು, ಎಲ್ಲಕ್ಕೂ ಪೇಪರಿನಲ್ಲಿ ಫೋಟೋ ಬಂದಿತ್ತು. ಸನ್ಮಾನದ ಶಾಲು ಹೊತ್ತು ಹೊತ್ತು ಅವನ ಹೆಗಲು ಗೂಟವಾಗಿತ್ತು.

ಇಂಥವನ ಮನೆಯಲ್ಲಿ ಕುರಿ ಕಾಯುವವರ ಬಿಡಾರ! ಯಲ್ಲಕ್ಕನ ಗಂಡ ಮಾಳಿಂಗರಾಯ ಹಿಂಡು ಹೊಡೆದುಕೊಂಡು ಬೀಳಗಿಯ ಕಡೆ ಅಲೆಯುತ್ತಿದ್ದ. ಮಗಳು ಉಮಾಶ್ರೀ ಹತ್ತನೇ ತರಗತಿ. ಅವಳ ಸಾಲಿಗಾಗಿಯೇ ತಾಯಿ ಇಲ್ಲಿದ್ದಳು. ಬಾಡಿಗೆ ಒಂದು ದಿನವೂ ತಪ್ಪಿರಲಿಲ್ಲ. ಅದನ್ನು ಬಿಟ್ಟರೆ ಅವರಿಗೆ ಬೇರೆ ಯೋಗ್ಯತೆಯೇ ಇಲ್ಲವೆಂದು ಬಾಳೇಶ ತಿಳಿದಿದ್ದ.

"ಕೇಳ್ರಿ ಎಲ್ಲಾರೂ," ಕಂಪೌಂಡಿಗೆ ಒರಗಿದ ಓಣಿಯವರಿಗೂ ಮೊಬೈಲಿಗೂ ಒಟ್ಟಿಗೇ ಹೇಳಿದ. "ಫೇಸ್‌ಬುಕ್ಕಿನ್ಯಾಗ ಲೈವ್ ಹೊಂಟೈತಿ. ಯಾರ ಹೊಲಸೋ ಅವರ ರೊಕ್ಕ. ಪೈಪು ಒಡದು ಹೊಸಾದು ಹಾಕೂ ಖರ್ಚು ಪೂರಾ ಅವರದ. ಮ್ಯಾಲ ಇಲ್ಲೇ ನಿಂತು ಕೈ ಮುಗದು ತಪ್ಪಾತು ಅನ್ನಬೇಕು. ಇಕೀದ ಆದ್ರ, ನಾಳೆ ಮನಿ ಖಾಲಿ."

"ನಮ್ಮದಲ್ಲ ಅಂತಾದ್ರರೀ?"

"ನಂದಾದ್ರ ನಾನ ಕೈ ಮುಗೀತೇನಿ, ಆತಿಲ್ಲೋ?" ಬಾಳೇಶ ನಕ್ಕ.

ಯಲ್ಲಕ್ಕನಿಗೆ ನಗು ಬರಲಿಲ್ಲ. ಮಾಳಿಂಗರಾಯನ ಹೆಗಲ ಕಂಬಳಿ ಕಂಡೊಡನೆ ಊರಿನ ಖಾಲಿ ಮನೆಗಳೆಲ್ಲ ಭರ್ತಿಯಾಗಿಬಿಡುತ್ತಿದ್ದವು. ವರ್ಷದ ನಡುವೆ ಈ ಮನೆಯೂ ಹೋದರೆ ಉಮಾಶ್ರೀ ಪುಸ್ತಕ ಕಟ್ಟಿಟ್ಟು ಹಿಂಡಿನ ಹಿಂದೆ ನಡೆಯಬೇಕು. ಇದು ಬಾಳೇಶನಿಗೂ ಗೊತ್ತಿತ್ತು.

ಮೆಟ್ಟಿಲ ಮೇಲಿಂದ ಅವನ ಹೆಂಡತಿ ಅಂಜನಾ ಬಗ್ಗಿ ನೋಡಿದಳು. "ರೀ, ಒಂದ ಮಾತ ಕೇಳ್ರಿಲ್ಲೆ. ನಮ್ಮ ಮ್ಯಾಲಿನ ಬಚ್ಚಲದ ಜಾಳಗಿ ತಗದು..."

"ನೀ ಒಳಗ ನಡಿ. ನೀರು ನಿಂತಿದ್ದು ಕೆಳಗ. ಮ್ಯಾಲಿಂದೇನ ಹೇಳ್ತಿ?"

ಎರಡೂ ಮನೆಯ ಪೈಪು ಕೂಡುವ ಮೂಲೆಯಲ್ಲಿ ಗಟಾರ ತೆಗೆಯುವ ಚನಮಲ್ಲಪ್ಪ ಬಿದಿರಿನ ದಬ್ಬೆ ತೂರಿಸಿ ಎಳೆದ. ಅರಿಶಿನದಂಥ ಹಳದಿ ಗಸಿ ಬಂತು.

"ಭಂಡಾರ!" ಬಾಳೇಶ ಕುಣಿದೇಬಿಟ್ಟ. "ಬೀರಪ್ಪಗ ತೂರಿ ಉಳದದ್ದು ನನ್ನ ಪೈಪಿಗೆ!"

"ಭಂಡಾರ ಹಣಿಗೆ ಹಚ್ಚೂದ್ರಿ," ಎಂದಳು ಯಲ್ಲಕ್ಕ ಮೆಲ್ಲಗೆ. "ದೇವ್ರನ್ನ ಬಚ್ಚಲಕ್ಕ ಹಾಕೂ ಮಂದಿ ಅಲ್ರೀ ನಾವು."

"ಆಹಾ, ಭಕ್ತಿ ನೋಡ್ರಿ!"

ಅದರ ಹಿಂದೆಯೇ ಜಿಗಟು ಮಣ್ಣು ಮುದ್ದೆ ಮುದ್ದೆಯಾಗಿ ಬಂತು. ಬಾಳೇಶ ಮೂಗು ಮುಚ್ಚಿಕೊಂಡ. "ನಾ ಟೈಲ್ಸ್ ಮ್ಯಾಲ ಅಡ್ಡಾಡಾಂವ. ಇದೇನ ನನ್ನ ಕಾಲಾಗಿಂದ ಬಂತೇನು? ಕುರಿ ದೊಡ್ಡಿ ಮಣ್ಣಿದು. ಇವರಿಗೆ ಬಚ್ಚಲ ಯಾಕ ಬೇಕ್ರಿ, ಬಯಲು ಸಾಲ್ದ?"

ಓಣಿಯವರು ಕಿಸಕ್ಕೆಂದರು. ಯಲ್ಲಕ್ಕನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮನೆಯೊಳಗೆ ಓದುತ್ತಿದ್ದ ಉಮಾಶ್ರೀಯ ದನಿ ನಿಂತಿತ್ತು.

ಚನಮಲ್ಲಪ್ಪ ಮೊಣಕೈವರೆಗೆ ಕೈ ಇಳಿಸಿದ. "ಸರ, ಇಲಿ ಐತ್ರೀ. ಸಣ್ಣದು. ಸೆಟದು ಕಲ್ಲಿನಂಗ ಆಗೇತಿ."

"ಮತ್ತ! ಜ್ವಾಳದ ಚೀಲ ಒಟ್ಟಿದವರ ಮನ್ಯಾಗ ಇಲಿ ಇಲ್ದ ಆನಿ ಇರತೈತೇನು?"

ಈ ಸಲ ಎಲ್ಲರೂ ಬಾಯಿ ಬಿಟ್ಟು ನಕ್ಕರು. ಅಂಜನಾ ಮಾತ್ರ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾಚಿಕೊಳ್ಳಲಿ, ಇಂಥವರಿಗೆ ಮನೆ ಕೊಡೋಣ ಎಂದವಳು ಅವಳೇ ಅಲ್ಲವೇ, ಎಂದುಕೊಂಡ ಬಾಳೇಶ.

ಯಲ್ಲಕ್ಕ ಸೋತಳು. ತನ್ನದಲ್ಲದ ತಪ್ಪಾದರೂ ಸರಿ, ಒಪ್ಪಿಕೊಂಡು ಕಾಲಿಗೆ ಬಿದ್ದರೆ ಮಾರ್ಚ್ ತನಕವಾದರೂ ಇರಗೊಟ್ಟಾನು. ಅವಳ ಎರಡೂ ಕೈ ಮೇಲೆದ್ದವು.

"ತಡಿಬೇ. ಮೊದಲ ಮಂದಿ ಮಾಲು ನೋಡ್ಲಿ." ಬಾಳೇಶ ಮೊಬೈಲನ್ನು ಇನ್ನಷ್ಟು ಹತ್ತಿರ ತಂದ. "ಚನಮಲ್ಲಪ್ಪ, ನಳದಾಗ ತೊಳದು ಛಲೋತ್ನಂಗ ತೋರ್ಸು."

ನಳದ ನೀರಿಗೆ ಮಣ್ಣು ಕರಗಿ ಹೋಯಿತು. ಚನಮಲ್ಲಪ್ಪ ಗಕ್ಕನೆ ಚಪ್ಪಲಿ ಕಳಚಿ ನಿಂತ.

ಅವನ ಅಂಗೈ ಮೇಲೆ, ಕಿವಿಗೆ ಬಂಗಾರದ ಬಣ್ಣ ಬಳಿದುಕೊಂಡ ಇಲಿ ಎರಡೂ ಮುಂಗಾಲಲ್ಲಿ ಮೋದಕ ಹಿಡಿದು ಕ್ಯಾಮರಾವನ್ನೇ ನೋಡುತ್ತಿತ್ತು.